ಐದೂವರೆ ತಿಂಗಳ ಲೆಕ್ಕದಲ್ಲಿ ಒಂದು ನಿಮಿಷ

ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದಿಂದ ಕೊಚ್ಚಿಯ ಕಲೂರು ಕ್ರೀಡಾಂಗಣಕ್ಕೂ ಬೆಂಗಳೂರಿನ ಕಂಠೀರವಕ್ಕೂ ಒಂದೊಂದು ರಾತ್ರಿಯ ಪ್ರಯಾಣ. ರೇಶನ್ ಕಾರ್ಡು ಕೇರಳದ್ದು, ಶಾಲೆಯಲ್ಲಿ ಓದಿದ ಪಾಠ ಕನ್ನಡದ್ದು. ಹೀಗಾಗಿ ಫುಟ್‌ಬಾಲಿನ ಇಂಡಿಯನ್ ಸೂಪರ್ ಲೀಗಿನಲ್ಲಿ ಕೇರಳ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ಎದುರುಬದುರಾದಾಗಲೆಲ್ಲ ನಮ್ಮಂಥವರನ್ನು ಎರಡೂ ಕಡೆಯವರು ಸಾಕ್ಷಿಕಟ್ಟೆಗೆ ಹತ್ತಿಸುತ್ತಾರೆ. ನನ್ನ ಮನೆಯಲ್ಲಂತೂ ಈ ವಿಚಾರಣೆ ತಪ್ಪುವುದೇ ಇಲ್ಲ, ಏಕೆಂದರೆ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ, ತಂಗಿಯ ಮಗ ಕೊಚ್ಚಿಯಲ್ಲಿ ಓದಿದವನು, ಇಬ್ಬರೂ ತಮ್ಮ ತಮ್ಮ ತಂಡದ ಅಂಗಿಯನ್ನು ಊರಿಗೆ ಬರುವಾಗಲೂ ಚೀಲದಲ್ಲಿ ಇಟ್ಟುಕೊಂಡೇ ಬರುತ್ತಾರೆ.

ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ 2022-23ರ ಸೀಸನ್ನಿನ ಮಾತು ಮತ್ತೆ ಎದ್ದಿತು. ಎದ್ದದ್ದೇ ತಡ, ಎಲ್ಲರೂ ಒಂದೇ ನಿಮಿಷಕ್ಕೆ ಹೋಗಿ ನಿಂತರು: ಮಾರ್ಚ್ 3, ಕಂಠೀರವ, ಬೆಂಗಳೂರಿನ ನಾಯಕ ಸುನಿಲ್ ಛೆಟ್ರಿಯ ಫ್ರೀ ಕಿಕ್ (ಎದುರಾಳಿ ತಪ್ಪೆಸಗಿದಾಗ ಸಿಗುವ ಹೊಡೆತ). ಅದು ಗೋಲೇ ಅಲ್ಲವೇ ಎಂಬ ವಾದ ಪಾಯಸ ಬರುವವರೆಗೂ ನಡೆಯಿತು. ಆ ವಾದದಲ್ಲಿ ನನಗೂ ಒಂದು ಅಭಿಪ್ರಾಯವಿದೆ, ಅದನ್ನು ಕೆಳಗೆ ಹೇಳುತ್ತೇನೆ. ಆದರೆ ಹನ್ನೊಂದು ತಂಡಗಳು ತಲಾ 20 ಪಂದ್ಯ ಆಡಿದ ಒಂದು ಸೀಸನ್ ಒಂದು ನಿಮಿಷವಾಗಿ ಮಾತ್ರ ಉಳಿದುಬಿಟ್ಟಿತಲ್ಲ ಎಂಬುದೇ ನನ್ನ ನಿಜವಾದ ತಕರಾರು.

ಆ ವರ್ಷ ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಅಂಕಪಟ್ಟಿ ಬರೆದಿಡುತ್ತಿದ್ದೆ. ಲೀಗು 2022ರ ಅಕ್ಟೋಬರ್ 7ರಂದು ಕೊಚ್ಚಿಯಲ್ಲಿ ಆರಂಭವಾಗಿ 2023ರ ಮಾರ್ಚ್ 18ರಂದು ಗೋವಾದಲ್ಲಿ ಮುಗಿಯಿತು. ನಮ್ಮ ತೋಟದ ಕೊಯ್ಲಿನ ಕಾಲವೂ ಹೆಚ್ಚುಕಡಿಮೆ ಅದೇ ಆದ್ದರಿಂದ, ಪುಸ್ತಕದ ಮುಂದಿನಿಂದ ಒಂದು ಲೆಕ್ಕ, ಹಿಂದಿನಿಂದ ಇನ್ನೊಂದು ಲೆಕ್ಕ ಬೆಳೆಯುತ್ತಾ ಬಂತು. ಕೋವಿಡ್ ಕಾರಣದಿಂದ ಅದರ ಹಿಂದಿನ ಎರಡು ಸೀಸನ್‌ಗಳು ಪೂರ್ತಿಯಾಗಿ ಗೋವಾದಲ್ಲೇ, ಖಾಲಿ ಗ್ಯಾಲರಿಗಳ ಮುಂದೆ ನಡೆದಿದ್ದವು. 2022ರ ಮಾರ್ಚ್ 20ರ ಫೈನಲಿಗೆ ಮಾತ್ರ ಜನರನ್ನು ಬಿಟ್ಟಾಗ, ಅದನ್ನು ನೋಡಲು ಬೈಕಿನಲ್ಲಿ ಗೋವಾಕ್ಕೆ ಹೊರಟಿದ್ದ ಮಲಪ್ಪುರದ ಇಬ್ಬರು ಹುಡುಗರು ನಮ್ಮ ಜಿಲ್ಲೆಯ ಉದುಮದಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ಅಂದು ಸಂಜೆ ಬ್ಲಾಸ್ಟರ್ಸ್ ಹೈದರಾಬಾದಿನೆದುರು ಪೆನಾಲ್ಟಿಯಲ್ಲಿ ಸೋತಿತು. ಇಂಥದ್ದೊಂದು ವರ್ಷದ ನಂತರ ಕಲೂರಿನ ಗ್ಯಾಲರಿ ಮತ್ತೆ ಹಳದಿಯಾದದ್ದನ್ನು, ಈಸ್ಟ್ ಬೆಂಗಾಲನ್ನು ಬ್ಲಾಸ್ಟರ್ಸ್ 3-1ರಿಂದ ಸೋಲಿಸಿದ್ದನ್ನು ಟಿವಿಯಲ್ಲಿ ನೋಡುವಾಗ, ತಂಡ ಯಾವುದೆಂಬ ಲೆಕ್ಕವಿಲ್ಲದೆ ನನಗೆ ಗಂಟಲು ಕಟ್ಟಿತ್ತು.

ಪುಸ್ತಕವನ್ನು ಈಗ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಬೆಂಗಳೂರಿನ ಸಾಲು. ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಗೆದ್ದು ಬಂದ ತಂಡ, ಛೆಟ್ರಿ, ರಾಯ್ ಕೃಷ್ಣ, ಸಂದೇಶ್ ಝಿಂಗನ್‌ರಂಥ ಆಟಗಾರರಿದ್ದ ತಂಡ, ಮೊದಲ 12 ಪಂದ್ಯಗಳಲ್ಲಿ 3 ಗೆಲುವು, 1 ಡ್ರಾ, 8 ಸೋಲು, ಒಟ್ಟು 10 ಅಂಕ ಗಳಿಸಿತ್ತು. ಡಿಸೆಂಬರ್ ಕೊನೆಗೆ ಈಸ್ಟ್ ಬೆಂಗಾಲ್ ಎದುರು ಸೋತಾಗ ಮಗಳು ಫೋನು ಮಾಡಿ, "ಅಪ್ಪ, ಇನ್ನು ಬರೆಯುವುದು ಬೇಡ, ಆ ಪುಟ ಹರಿದು ಹಾಕಿ" ಎಂದಿದ್ದಳು. ಜನವರಿ ಬಂತು, ಅದೇ ತಂಡ ಉಳಿದ 8 ಪಂದ್ಯಗಳನ್ನೂ ಸಾಲಾಗಿ ಗೆದ್ದು 24 ಅಂಕ ಕೂಡಿಸಿ, 34 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನಕ್ಕೆ ಏರಿತು. ಕೋಚ್ ಸೈಮನ್ ಗ್ರೇಸನ್ ಏನು ಮಾಡಿದರು, ಯಾರನ್ನು ಬದಲಿಸಿದರು ಎಂದು ಬಲ್ಲವರು ಬರೆದಿದ್ದಾರೆ. ನನ್ನ ಕಣ್ಣಿಗೆ ಕಂಡದ್ದು ಇಷ್ಟೇ: ಛೆಟ್ರಿಯಂಥ ಹೆಸರನ್ನು ಹಲವು ಪಂದ್ಯಗಳಲ್ಲಿ ಬೆಂಚಿನಲ್ಲಿ ಕೂರಿಸಿ ಕೊನೆಯ ಅರ್ಧಗಂಟೆಗೆ ಇಳಿಸುವ ಧೈರ್ಯವನ್ನು ಅವರು ತೋರಿಸಿದರು, ನಾಯಕನೂ ಮುಖ ಗಂಟಿಕ್ಕದೆ ಇಳಿದು ಆಡಿದ. ಆ ಎಂಟು ಗೆಲುವುಗಳಲ್ಲಿ ಫೆಬ್ರವರಿ 11ರಂದು ಬ್ಲಾಸ್ಟರ್ಸ್ ಎದುರಿನ 1-0 ಕೂಡ ಇದೆ, ಅದುವರೆಗೆ ಯಾರಿಗೂ ಸೋಲದಿದ್ದ ಮುಂಬೈ ಸಿಟಿಯನ್ನು ಫೆಬ್ರವರಿ 15ರಂದು 2-1ರಿಂದ ಮಣಿಸಿದ್ದೂ ಇದೆ.

ಬ್ಲಾಸ್ಟರ್ಸ್ ಕಥೆ ಇದರ ತಲೆಕೆಳಗು. ಆರಂಭದ ಗೆಲುವಿನ ಮೇಲೆ ಮೂರು ಸೋಲು, ಆಮೇಲೆ ಸಾಲು ಸಾಲು ಐದು ಗೆಲುವು (ಡಿಸೆಂಬರ್ 11ರಂದು ಬೆಂಗಳೂರನ್ನು ಕೊಚ್ಚಿಯಲ್ಲಿ 3-2ರಿಂದ ಸೋಲಿಸಿದ್ದು ಅದರಲ್ಲೊಂದು), ಜನವರಿಯಲ್ಲಿ ಮುಂಬೈ ಕೈಯಲ್ಲಿ 0-4ರ ಪೆಟ್ಟು, ಕೊನೆಯ ಮೂರು ಪಂದ್ಯಗಳಲ್ಲೂ ಸೋಲು. 31 ಅಂಕ, ಐದನೆಯ ಸ್ಥಾನ. ಒಂದು ತಂಡ ಏರುತ್ತಾ, ಇನ್ನೊಂದು ಇಳಿಯುತ್ತಾ ಮಾರ್ಚ್ 3ರ ಬಾಗಿಲಿಗೆ ಬಂದು ನಿಂತಿದ್ದವು. ಈ ಹಿನ್ನೆಲೆಯನ್ನು ಬಿಟ್ಟು ಆ ರಾತ್ರಿಯನ್ನು ಮಾತ್ರ ಎತ್ತಿಕೊಂಡರೆ ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ಅವರ ಸಿಟ್ಟು ಎಲ್ಲಿಂದ ಬಂತು ಎಂಬುದು ಅರ್ಥವಾಗುವುದಿಲ್ಲ.

ಇನ್ನು ಆ ನಿಮಿಷ. ಆ ವರ್ಷದಿಂದ ಪ್ಲೇಆಫ್ ಪದ್ಧತಿ ಬದಲಾಗಿ, ಮೊದಲಿಬ್ಬರು ನೇರವಾಗಿ ಸೆಮಿಫೈನಲಿಗೆ, ಮೂರರಿಂದ ಆರರವರೆಗಿನವರು ಒಂದೊಂದೇ ಪಂದ್ಯದ ನಾಕೌಟಿಗೆ ಎಂದಾಗಿತ್ತು. ತೊಂಬತ್ತು ನಿಮಿಷ 0-0. ಹೆಚ್ಚುವರಿ ಸಮಯದ ಆರನೆಯ ನಿಮಿಷದಲ್ಲಿ ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲಿ ಗಿಲ್ ಕಂಬದ ಬಳಿ ನಿಂತು ತನ್ನ ಆಟಗಾರರ ಗೋಡೆ ಜೋಡಿಸುತ್ತಿದ್ದಾಗ ಛೆಟ್ರಿ ಚೆಂಡನ್ನು ಮೆಲ್ಲನೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟ. ರೆಫರಿ ಗೋಲು ಕೊಟ್ಟರು. ಕೋಚ್ ವುಕೊಮನೊವಿಚ್, ಅಭಿಮಾನಿಗಳು 'ಆಶಾನ್' ಎಂದು ಪ್ರೀತಿಯಿಂದ ಕರೆಯುತ್ತಿದ್ದ ಆ ಸರ್ಬಿಯಾದ ಮನುಷ್ಯ, ಗೆರೆಯ ಬಳಿ ನಿಂತು ಕೈಬೀಸಿ ತನ್ನ ಆಟಗಾರರನ್ನು ಹೊರಗೆ ಕರೆದೊಯ್ದರು. ಸುಮಾರು ಇಪ್ಪತ್ತು ನಿಮಿಷ ಕಾದ ಮೇಲೆ ಪಂದ್ಯವನ್ನು ಬೆಂಗಳೂರಿಗೆ ಕೊಡಲಾಯಿತು.

ನನ್ನ ಎರಡೂ ಕಿವಿಗಳಿಗೆ ಆ ರಾತ್ರಿ ಎರಡು ಫೋನು. "ಮಾವಾ, ಗೋಲಿ ಗೋಡೆ ಕಟ್ಟಿಸ್ತಾ ಇರುವಾಗ ಹೊಡೆದದ್ದು ಗೋಲು ಹೇಗೆ ಆಗ್ತದೆ?" ಎಂದು ಸೋದರಳಿಯ. "ಗೋಡೆ ಆಗುವವರೆಗೆ ಕಾಯಬೇಕು ಅಂತ ಯಾವ ನಿಯಮದಲ್ಲಿ ಉಂಟು ಅಪ್ಪ?" ಎಂದು ಮಗಳು. ಇಬ್ಬರಿಗೂ ಆಗ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಆಟದ ನಿಯಮದಲ್ಲಿ ಗೋಡೆ ಎಂಬುದು ಪೆಟ್ಟು ತಿಂದವನ ಹಕ್ಕಲ್ಲ, ತಪ್ಪು ಮಾಡಿದ ತಂಡದ ಅನುಕೂಲ. 9.15 ಮೀಟರ್ ದೂರ ಸರಿಯಬೇಕಾದ ಹೊಣೆ ಎದುರಾಳಿಯದು; ಆ ದೂರ ಬೇಡ, ಈಗಲೇ ಹೊಡೆಯುತ್ತೇನೆ ಎಂದರೆ ಫ್ರೀ ಕಿಕ್ ಪಡೆದವನು ಹೊಡೆಯಬಹುದು, ಅದಕ್ಕೆ ಶಿಳ್ಳೆಯೂ ಬೇಕಾಗಿಲ್ಲ. ರೆಫರಿ ತಾನೇ ಮುಂದೆ ಬಂದು ದೂರ ಅಳೆದು, ಶಿಳ್ಳೆಗೆ ಕಾಯಿರಿ ಎಂದು ಸೂಚಿಸಿದ್ದರೆ ಮಾತ್ರ ಕಾಯಬೇಕು. ತನಗೆ ಶಿಳ್ಳೆಯೂ ಬೇಡ ಗೋಡೆಯೂ ಬೇಡವೆಂದು ರೆಫರಿಗೆ ತಿಳಿಸಿಯೇ ಹೊಡೆದೆ ಎಂಬುದು ಛೆಟ್ರಿಯ ಮಾತು. ಚೆಂಡಿನೆದುರು ನಿಂತಿದ್ದ ತಮ್ಮ ಆಟಗಾರ ಲೂನಾನನ್ನು ರೆಫರಿ ಹಿಂದೆ ಸರಿಯಲು ಹೇಳಿದ ಮೇಲೆ ಅದು ಶಿಳ್ಳೆಯ ಫ್ರೀ ಕಿಕ್ಕೇ ಆಗಿತ್ತು ಎಂಬುದು ಬ್ಲಾಸ್ಟರ್ಸ್ ವಾದ. ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇಲ್ಲದ ಲೀಗಿನಲ್ಲಿ ಮೈದಾನದ ಮೇಲೆ ನಿಂತವನ ಮಾತೇ ತೀರ್ಪು, ಆದ್ದರಿಂದ ನನ್ನ ಪುಸ್ತಕದಲ್ಲಿ 1-0 ಎಂದೇ ಬರೆದೆ. ಛೆಟ್ರಿಯ ಮೊದಲ ಪ್ರಯತ್ನದಲ್ಲೇ ಚೆಂಡಿನೆದುರು ನಿಂತು ತಡೆದಿದ್ದ ಲೂನಾನಿಗೆ ಅಪಾಯದ ವಾಸನೆ ಬಂದಿತ್ತು, ಅವನ ಹಿಂದೆ ನಿಂತವರಿಗೆ ಬರಲಿಲ್ಲ. ಇದನ್ನು ಹೇಳಿದ್ದಕ್ಕೆ ಅಳಿಯ ಎರಡು ದಿನ ಫೋನು ಎತ್ತಲಿಲ್ಲ.

ಆದರೆ ಹೊರನಡೆದದ್ದು ನನಗೆ ಆಶ್ಚರ್ಯ ತರಲಿಲ್ಲ, ಏಕೆಂದರೆ ನಾವು ಸೆವೆನ್ಸ್ ನೋಡಿ ಬೆಳೆದವರು. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರ ಸೀಳಿ ಕಟ್ಟಿದ ಗ್ಯಾಲರಿ, ಟ್ಯೂಬ್‌ಲೈಟಿನ ಬೆಳಕು, ತಂಡಕ್ಕೆ ಏಳೇ ಮಂದಿ, ಸೋತವರು ಆ ರಾತ್ರಿಯೇ ಜೀಪು ಹತ್ತಿ ಮನೆಗೆ. ಆ ಆಟದಲ್ಲಿ ರೆಫರಿಯ ಮೇಲೆ ಸಿಟ್ಟಾಗಿ ತಂಡ ಹೊರಗೆ ಬಂದು ನಿಲ್ಲುವುದು, ಕಮಿಟಿಯವರು ಹೆಗಲಿಗೆ ಕೈಹಾಕಿ ಸಮಾಧಾನ ಮಾಡುವುದು, ಊರಿನ ಹಿರಿಯರೊಬ್ಬರು ಬಂದು "ಆಯಿತು, ಮತ್ತೊಮ್ಮೆ ಹೊಡೆಯಲಿ" ಎಂದು ಪಂಚಾಯಿತಿಕೆ ಮಾಡುವುದು, ಅರ್ಧ ಗಂಟೆಯ ಬಳಿಕ ಆಟ ಮುಂದುವರಿಯುವುದು, ಇವೆಲ್ಲ ಉಂಟು. ಕುಂಬಳೆ, ಮೊಗ್ರಾಲ್, ಉಪ್ಪಳದ ಕಡೆ ಆಟ ನೋಡಿದವರಿಗೆ ನಾನಿದನ್ನು ವಿವರಿಸಬೇಕಾಗಿಲ್ಲ. ಕಂಠೀರವದಲ್ಲಿ ಅಂದು ಹೆಗಲಿಗೆ ಕೈಹಾಕುವ ಕಮಿಟಿ ಇರಲಿಲ್ಲ, ನಿಯಮದ ಪುಸ್ತಕ ಇತ್ತು. ಮಾರ್ಚ್ 31ಕ್ಕೆ ತೀರ್ಪು ಬಂತು: ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ, ಇಬ್ಬರೂ ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ದಂಡ 6 ಕೋಟಿಗೂ 10 ಲಕ್ಷಕ್ಕೂ ಏರುತ್ತದೆ. ಕ್ಷಮೆ ಕೇಳಿದರು. ಇನ್ನೂ ಇಪ್ಪತ್ತನಾಲ್ಕು ನಿಮಿಷಗಳ ಆಟ ಉಳಿದಿತ್ತು, ಒಂದೇ ಗೋಲಿನ ಹಿನ್ನಡೆ, ಎದುರಿಗೆ ದಣಿದ ತಂಡ. ದಂಡದ ಮೊತ್ತಕ್ಕಿಂತ ನನಗೆ ಈ ಇಪ್ಪತ್ತನಾಲ್ಕು ನಿಮಿಷಗಳೇ ಹೆಚ್ಚು ನೋಯಿಸುತ್ತವೆ.

ಮರುದಿನದ ಪೇಟೆಯ ಮಾತನ್ನೂ ಹೇಳಿಬಿಡುತ್ತೇನೆ. ಕಾಸರಗೋಡಿನಲ್ಲಿ ಮಲಯಾಳ ಮಾತನಾಡುವ ಗೆಳೆಯರು, "ನಿಮ್ಮವರು ಕದ್ದು ಗೆದ್ದರಲ್ಲ, ಖುಷಿಯಾಗಿರಬೇಕು" ಎಂದರು. ಅದೇ ಮಧ್ಯಾಹ್ನ ಬೆಂಗಳೂರಿನ ಬಂಧುವೊಬ್ಬರು ಫೋನಿನಲ್ಲಿ, "ನಿಮ್ಮ ಕೇರಳದವರು ಓಡಿಹೋದರಂತೆ" ಎಂದರು. ಒಂದೇ ದಿನ ಕಳ್ಳನೂ ಆಗಿ ಹೇಡಿಯೂ ಆದ ಭಾಗ್ಯ ಚಂದ್ರಗಿರಿಯ ಈಚೆ ದಡದವರಿಗಲ್ಲದೆ ಬೇರೆ ಯಾರಿಗೆ ಸಿಗುತ್ತದೆ? ಇದೇ ಜಿಲ್ಲೆಯ ತೆಂಕಣ ತುದಿಯ ತ್ರಿಕರಿಪುರದ ಮುಹಮ್ಮದ್ ರಾಫಿ 2016ರ ಫೈನಲಿನಲ್ಲಿ ಬ್ಲಾಸ್ಟರ್ಸ್ ಪರವಾಗಿ ತಲೆಯಿಂದ ಗೋಲು ಹೊಡೆದಾಗ ಇಲ್ಲಿ ಭಾಷೆಯ ಪ್ರಶ್ನೆ ಎತ್ತಿದವರಿರಲಿಲ್ಲ.

ಈಗ ನನ್ನ ತಕರಾರಿಗೆ ಮರಳುತ್ತೇನೆ. ಪುಸ್ತಕದ ಪ್ರಕಾರ ಆ ಸೀಸನ್ನಿನ ನಿಜವಾದ ಒಡೆಯ ಮುಂಬೈ ಸಿಟಿ. 20 ಪಂದ್ಯ, 14 ಗೆಲುವು, 4 ಡ್ರಾ, 2 ಸೋಲು, 46 ಅಂಕ. ಮೊದಲ 18 ಪಂದ್ಯಗಳಲ್ಲಿ ಒಂದೂ ಸೋಲಿಲ್ಲ, ಇದ್ದ ಎರಡು ಸೋಲೂ ಶೀಲ್ಡ್ ಕೈಗೆ ಬಂದ ಮೇಲಿನವು. ಲೀಗ್ ಗೆದ್ದದ್ದಕ್ಕೆ ಅವರಿಗೆ ಸಿಕ್ಕಿದ್ದು 'ಶೀಲ್ಡ್', 'ಚಾಂಪಿಯನ್' ಎಂಬ ಪದವಲ್ಲ. ಆ ಪದ ಸಿಕ್ಕಿದ್ದು 34 ಅಂಕಗಳೊಂದಿಗೆ ಮೂರನೆಯದಾಗಿ ಮುಗಿಸಿದ ಎಟಿಕೆ ಮೋಹನ್ ಬಗಾನಿಗೆ. ಮುಂಬೈಯನ್ನು ಸೆಮಿಫೈನಲಿನಲ್ಲಿ ಬೆಂಗಳೂರು ಪೆನಾಲ್ಟಿಯಲ್ಲಿ 9-8ರಿಂದ ಹೊರಗೆ ಹಾಕಿತು. ಕೊನೆಯ ಪೆನಾಲ್ಟಿ ಹೊಡೆದವನು ಒಂದು ಕಾಲದಲ್ಲಿ ಬ್ಲಾಸ್ಟರ್ಸ್ ನಾಯಕನಾಗಿದ್ದ ಝಿಂಗನ್. ಬೆಂಗಳೂರು-ಬಗಾನ್ ಫೈನಲ್ 2-2, ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಗಳು, ಮತ್ತೆ ಪೆನಾಲ್ಟಿಯಲ್ಲೇ 4-3ರಿಂದ ಬಗಾನಿಗೆ ಗೆಲುವು. ಅದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ, ಫೈನಲ್ ನೋಡಿ ಮಗಳು ಅತ್ತಿದ್ದು ನೆನಪಾಗುತ್ತದೆ.

ಐದೂವರೆ ತಿಂಗಳ ದುಡಿಮೆಗಿಂತ ಒಂದು ರಾತ್ರಿಯ ಅದೃಷ್ಟಕ್ಕೆ ದೊಡ್ಡ ಹೆಸರು ಕೊಡುವುದಾದರೆ ಅದು ಸೆವೆನ್ಸ್ ಟೂರ್ನಿಯೇ, ಗ್ಯಾಲರಿಗೆ ಮಾತ್ರ ಅಡಿಕೆ ಮರದ ಬದಲು ಸಿಮೆಂಟು. ಸೆವೆನ್ಸನ್ನು ನಾನು ಹೀಗಳೆಯುತ್ತಿಲ್ಲ, ಅದು ತಾನು ಏನೆಂದು ಬಚ್ಚಿಡುವುದಿಲ್ಲ. ಲೀಗು ಎಂದರೆ ಪ್ರತಿ ವಾರದ ಅಂಕಕ್ಕೂ ಬೆಲೆ ಇರಬೇಕು, ಮೇಲಿನವನಿಗೆ ಕಿರೀಟದ ಆಸೆ, ಕೆಳಗಿನವನಿಗೆ ಬೀಳುವ ಭಯ. ಆ ವರ್ಷ ನಾರ್ತ್‌ಈಸ್ಟ್ ಯುನೈಟೆಡ್ 20 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು, ಗಳಿಸಿದ್ದು 5 ಅಂಕವನ್ನು. ಮುಂದಿನ ವರ್ಷವೂ ಅದು ಅದೇ ಲೀಗಿನಲ್ಲಿ ನಿಶ್ಚಿಂತೆಯಿಂದ ಆಡಿತು. ನಮ್ಮ ಕೋಯಿಕ್ಕೋಡಿನ ಗೋಕುಲಂ ಕೇರಳ 2021 ಮತ್ತು 2022ರಲ್ಲಿ ಸಾಲಾಗಿ ಎರಡು ಸಲ ಐ-ಲೀಗ್ ಗೆದ್ದರೂ ಸೂಪರ್ ಲೀಗಿಗೆ ಮೇಲೇರಲು ಏಣಿಯೇ ಇರಲಿಲ್ಲ. ಏಣಿ ಇಟ್ಟದ್ದು 2022-23ರಲ್ಲಿ, ಆ ವರ್ಷ ಗೆದ್ದ ಪಂಜಾಬ್ ಅದನ್ನು ಹತ್ತಿತು. ಬೀಳುವ ಭಯವಿಲ್ಲದ, ಮೊದಲನೆಯವನಿಗೆ ಪೂರ್ತಿ ಹೆಸರಿಲ್ಲದ ಅಂಕಪಟ್ಟಿಯನ್ನು ಜನ ಏಕೆ ನೆನಪಿಡಬೇಕು? ಮದುವೆಯ ಪಂಕ್ತಿಯಲ್ಲಿ ಕುಳಿತವರ ತಪ್ಪು ಅಷ್ಟೇನಿಲ್ಲ ಎಂದು ಈಗ ಬರೆಯುತ್ತಾ ಅನ್ನಿಸುತ್ತಿದೆ.

ಆ ಸೀಸನ್ನಿನ ಬಾಲದಂತೆ ಏಪ್ರಿಲಿನಲ್ಲಿ ಸೂಪರ್ ಕಪ್ ಕೇರಳದಲ್ಲೇ ನಡೆಯಿತು. ಏಪ್ರಿಲ್ 16ರ ರಾತ್ರಿ ಕೋಯಿಕ್ಕೋಡಿನಲ್ಲಿ ಇದೇ ಎರಡು ತಂಡಗಳು ಮತ್ತೆ ಎದುರಾದಾಗ ಅಳಿಯನನ್ನು ಕರೆದುಕೊಂಡು ನಾನೂ ರೈಲು ಹತ್ತಿದೆ. ಅವನು ಹಳದಿ ಅಂಗಿ, ನಾನು ಬಿಳಿ ಅಂಗಿ ಬಿಳಿ ಪಂಚೆ. ನಿಷೇಧದಲ್ಲಿದ್ದ ಆಶಾನ್ ಬದಲು ಸಹಾಯಕ ಕೋಚ್ ಗೆರೆಯ ಬಳಿ ನಿಂತಿದ್ದರು. ರಾಯ್ ಕೃಷ್ಣ ಗೋಲು ಹೊಡೆದ, ಎರಡನೆಯ ಅವಧಿಯಲ್ಲಿ ದಿಯಮಂತಾಕೋಸ್ ಸಮ ಮಾಡಿದ, 1-1. ಆ ಸಮಬಲವೇ ಸಾಕಾಗಿ ಬೆಂಗಳೂರು ಮುಂದಿನ ಸುತ್ತಿಗೆ ಹೋಯಿತು. ನಡುರಾತ್ರಿಯ ಪ್ಲಾಟ್‌ಫಾರಮ್ಮಿನಲ್ಲಿ ಚಹಾ ಕುಡಿಯುತ್ತಾ ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಮಾವಾ, ಪುಸ್ತಕದಲ್ಲಿ ಇದನ್ನೂ ಬರೀತೀರಾ?" ಎಂದು ಕೇಳಿದ. ಇದು ಲೀಗಿನ ಪಂದ್ಯವಲ್ಲವಲ್ಲ ಮಾರಾಯ ಎಂದೆ. ಆದರೂ ಮನೆಗೆ ಬಂದು, ಕೊನೆಯ ಕೊಯ್ಲಿನ ಕೂಲಿ ಲೆಕ್ಕದ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದಿಟ್ಟೆ.