ಓದುವಾಗ ದುಡಿದ ಅನುಭವ ಮತ್ತು ಹೊಸ ನರ್ಸ್‌ಗಳ ಮೊದಲ ವರ್ಷ

ನರ್ಸಿಂಗ್ ಓದುತ್ತಿರುವಾಗಲೇ ಆಸ್ಪತ್ರೆಯಲ್ಲೋ ವೃದ್ಧರ ಆರೈಕೆ ಕೇಂದ್ರದಲ್ಲೋ ಸಹಾಯಕರಾಗಿ ಸಂಬಳಕ್ಕೆ ದುಡಿದವರು, ನರ್ಸ್ ಆಗಿ ನೋಂದಣಿಯಾದ ಮೇಲೆ ವಾರ್ಡಿಗೆ ಬೇಗ ಹೊಂದಿಕೊಳ್ಳುತ್ತಾರೆ ಎಂಬ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅದನ್ನೇ ನೆಪವಾಗಿಟ್ಟುಕೊಂಡು ಅವರ ಆರಂಭದ ತರಬೇತಿಯನ್ನು ಮೊಟಕುಗೊಳಿಸುವುದನ್ನು ಒಪ್ಪಲಾರೆ.

ಸಹಾಯಕರ ಕೆಲಸದಿಂದ ಕಲಿಯುವುದು ಸಣ್ಣದೇನಲ್ಲ. ಹಾಸಿಗೆ ಹಿಡಿದವರನ್ನು ನೋವಾಗದಂತೆ ಮಗ್ಗುಲು ಬದಲಿಸುವುದು, ಮೈ ಒರೆಸುವಾಗ ಅವರ ಮಾನಕ್ಕೆ ಕುಂದು ಬಾರದಂತೆ ನೋಡಿಕೊಳ್ಳುವುದು, ಬೆನ್ನಿನ ಚರ್ಮ ಕೆಂಪೇರಿದ್ದನ್ನು ಹುಣ್ಣಾಗುವ ಮೊದಲೇ ಗುರುತಿಸುವುದು, ಗಾಬರಿಗೊಂಡ ಮನೆಯವರೊಂದಿಗೆ ಸಮಾಧಾನದಿಂದ ಮಾತನಾಡುವುದು, ರಾತ್ರಿ ಪಾಳಿಯ ದಣಿವನ್ನು ತಾಳಿಕೊಳ್ಳುವುದು, ಇವೆಲ್ಲ ರೂಢಿಯಾದವರನ್ನು ವಾರ್ಡಿನ ಗದ್ದಲ ಅಷ್ಟಾಗಿ ಕಂಗೆಡಿಸುವುದಿಲ್ಲ.

ಕಾಲೇಜಿನಲ್ಲಿ ಕಲಿತ ಆದರ್ಶಕ್ಕೂ ವಾರ್ಡಿನ ವಾಸ್ತವಕ್ಕೂ ಇರುವ ಅಂತರ ಹೊಸ ನರ್ಸ್‌ಗಳನ್ನು ಹೇಗೆ ತತ್ತರಿಸುವಂತೆ ಮಾಡುತ್ತದೆ ಎಂಬುದನ್ನು ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ ವಿವರಿಸಿ, ಅದನ್ನು ವಾಸ್ತವದ ಆಘಾತ ಎಂದು ಕರೆದಿದ್ದರು. ಓದುವಾಗಲೇ ದುಡಿದವರಿಗೆ ಈ ಆಘಾತದ ಒಂದು ಪಾಲು ಮೊದಲೇ ತಟ್ಟಿರುತ್ತದೆ. ಉಳಿದ ಪಾಲು ಬೇರೆ ಬಗೆಯದು. ರೋಗಿಯ ಉಸಿರಾಟದ ವೇಗ ಏರುತ್ತಿದೆ ಎಂದು ನರ್ಸ್‌ಗೆ ತಿಳಿಸುವಲ್ಲಿಗೆ ಸಹಾಯಕರ ಹೊಣೆ ಮುಗಿಯುತ್ತಿತ್ತು; ಈಗ ಆ ನರ್ಸ್ ಅವರೇ. ವೈದ್ಯರನ್ನು ಈಗಲೇ ಕರೆಯಬೇಕೇ, ಬರೆದುಕೊಟ್ಟ ಔಷಧದ ಪ್ರಮಾಣ ಸರಿಯಿದೆಯೇ, ಒಂದೇ ಹೊತ್ತಿಗೆ ಇಬ್ಬರು ಕರೆದರೆ ಯಾರ ಬಳಿಗೆ ಮೊದಲು ಹೋಗಬೇಕು ಎಂಬ ತೀರ್ಮಾನಗಳನ್ನು ಸಹಾಯಕರ ಕೆಲಸ ಕಲಿಸುವುದಿಲ್ಲ, ಏಕೆಂದರೆ ಅವುಗಳನ್ನು ತೆಗೆದುಕೊಳ್ಳುವ ಅಧಿಕಾರವೇ ಅಲ್ಲಿರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇವರ ಸರಾಗವಾದ ನಡೆಯನ್ನು ಕಂಡು ಸುತ್ತಲಿನವರು ಕಟ್ಟಿಕೊಳ್ಳುವ ನಿರೀಕ್ಷೆ. ಎಲ್ಲವೂ ಗೊತ್ತಿರುತ್ತದೆ ಎಂದು ಹಿರಿಯರು ಭಾವಿಸುತ್ತಾರೆ. ಗೊತ್ತಿಲ್ಲವೆಂದು ಹೇಳಲು ಹೊಸಬರು ಅಳುಕುತ್ತಾರೆ. ದುಡಿದ ವಾರ್ಡಿನಲ್ಲೇ ನೇಮಕವಾದರಂತೂ, ನಿನ್ನೆಯವರೆಗೆ ಜೊತೆಗಿದ್ದ ಸಹಾಯಕರಿಗೆ ಕೆಲಸ ಹಂಚಲು ಸಂಕೋಚಪಟ್ಟು, ಎಲ್ಲವನ್ನೂ ತಾವೇ ಮಾಡಲು ಹೋಗಿ ಔಷಧ ಕೊಡುವ ಹೊತ್ತು ಮೀರುವುದುಂಟು. ಅನುಭವಿ ನರ್ಸ್ ಕೂಡ ಪರಿಚಯವಿಲ್ಲದ ವಿಭಾಗಕ್ಕೆ ಹೋದಾಗ ಮತ್ತೆ ಆರಂಭದ ಹಂತದಲ್ಲಿರಬಹುದೆಂದು ಅಮೆರಿಕದ ನರ್ಸಿಂಗ್ ತಜ್ಞೆ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ಬರೆದಿದ್ದರು. ಹಾಗಿರುವಾಗ ಪಾತ್ರವೇ ಬದಲಾದ ಈ ಯುವ ನರ್ಸ್‌ಗಳಿಗೆ ಮಾರ್ಗದರ್ಶಕರ ಜೊತೆಗಿನ ದಿನಗಳನ್ನು ಕಡಿತಗೊಳಿಸುವುದು ಅನ್ಯಾಯ; ರೋಗಿಗಳ ಪಾಲಿಗೆ ಅಪಾಯವೂ ಹೌದು.

ಅವರ ಹಿಂದಿನ ದುಡಿಮೆಯನ್ನು ಕಡೆಗಣಿಸಿ ಹಾಸಿಗೆ ಹಾಸುವುದನ್ನೇ ಮತ್ತೆ ಕಲಿಸಬೇಕೆಂದು ನಾನು ಹೇಳುತ್ತಿಲ್ಲ. ಮಾರ್ಗದರ್ಶಕರು ಮೊದಲ ವಾರದಲ್ಲೇ ಕುಳಿತು, ಇದುವರೆಗೆ ಏನೇನು ಮಾಡಿದ್ದೀರಿ, ಯಾವುದನ್ನು ಒಮ್ಮೆಯೂ ಮಾಡಿಲ್ಲ ಎಂದು ಕೇಳಿ, ಉಳಿಯುವ ಸಮಯವನ್ನು ಔಷಧ ನಿರ್ವಹಣೆಗೆ, ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ವಿವರಿಸುವುದಕ್ಕೆ ಮತ್ತು ವೈದ್ಯರಿಗೆ ಅಳುಕಿಲ್ಲದೆ ಕರೆ ಮಾಡುವ ಅಭ್ಯಾಸಕ್ಕೆ ಮೀಸಲಿಡಲಿ.