ಕುಂಡದ ಗಿಡಕ್ಕೆ ನೀರಿನ ಟೈಮ್‌ಟೇಬಲ್ ಬೇಡ

ಗಿಡ ತರುವಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಇದಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?" ಉತ್ತರವೂ ಥಟ್ಟನೆ ಬರುತ್ತದೆ. ದಿನಾ ಒಂದು ಲೋಟ. ಇಲ್ಲಾಂದ್ರೆ ವಾರಕ್ಕೆ ಎರಡು ಸಲ. ಈ ಉತ್ತರದ ಮೇಲೆ ನನಗೆ ದೊಡ್ಡ ತಕರಾರಿದೆ. ಮನೆಯೊಳಗಿನ ಕುಂಡದ ಗಿಡಗಳು ನೀರು ಸಾಲದೆ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಅದೂ ಗಿಡದ ಮೇಲೆ ತುಂಬಾ ಅಕ್ಕರೆ ಇರುವವರ ಕೈಯಲ್ಲಿ. ಒಂದು ದಿನವೂ ತಪ್ಪಿಸದೆ ನೀರು ಹಾಕಿದವರು ಕೊನೆಗೆ "ನನ್ನ ಕೈಗುಣವೇ ಸರಿಯಿಲ್ಲ, ನನ್ನ ಹತ್ರ ಯಾವ ಗಿಡವೂ ಬದುಕಲ್ಲ" ಅಂತ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕೈಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವರಿಗೆ ಸಿಕ್ಕಿದ ಸಲಹೆ ಸರಿಯಿರಲಿಲ್ಲ, ಅಷ್ಟೇ.

ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಎಲೆ ಬೆಳಕಿನಲ್ಲಿ ಆಮ್ಲಜನಕ ಬಿಡುತ್ತದೆ ಅಂತ ಶಾಲೆಯಲ್ಲಿ ಓದಿದ್ದು ಎಲ್ಲರಿಗೂ ನೆನಪಿದೆ. ಬೇರು ಹಗಲೂ ರಾತ್ರಿ ಆಮ್ಲಜನಕ ಎಳೆದುಕೊಳ್ಳುತ್ತದೆ ಅನ್ನುವುದು ಮಾತ್ರ ಮರೆತುಹೋಗಿದೆ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ನೀರು ಹಾಕಿದಾಗ ಅವು ತುಂಬುತ್ತವೆ. ನೀರು ಬಸಿದ ಹಾಗೆ ಮೇಲಿನಿಂದ ಹೊಸ ಗಾಳಿ ಇಳಿಯುತ್ತದೆ. ಸಂದಿನಲ್ಲಿ ಸದಾ ನೀರೇ ನಿಂತಿದ್ದರೆ ಗಾಳಿ ಎಲ್ಲಿಗೆ ಬರಬೇಕು? ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಇರುವ ಚೂರುಪಾರನ್ನೂ ಮಣ್ಣಿನ ಸೂಕ್ಷ್ಮಜೀವಿಗಳು ಖಾಲಿ ಮಾಡುತ್ತವೆ. ಉಸಿರು ಕಟ್ಟಿದ ಬೇರಿಗೆ ಬಲ ಇರುವುದಿಲ್ಲ. ಪಿಥಿಯಂನಂಥ ರೋಗಾಣು ಸುಲಭವಾಗಿ ಒಳಗೆ ಸೇರಿಕೊಂಡು ಕೊಳೆಸಿಬಿಡುತ್ತದೆ.

"ಹಾಗಾದ್ರೆ ಮನಿ ಪ್ಲಾಂಟ್ ಬಾಟಲಿ ನೀರಿನಲ್ಲೇ ಬೆಳೆಯುತ್ತಲ್ಲ?" ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನೀರಿನಲ್ಲೇ ಹುಟ್ಟಿದ ಬೇರು ಶುರುವಿನಿಂದ ಅಲ್ಲಿಗೆ ಹೊಂದಿಕೊಂಡೇ ಬೆಳೆದಿರುತ್ತದೆ. ಮಣ್ಣಿನಲ್ಲಿ ಬೆಳೆದ ಬೇರನ್ನು ಕೆಸರಿನಲ್ಲಿ ಹೂತಿಟ್ಟರೆ ಅದು ತಡೆಯುವುದಿಲ್ಲ.

ಜನ ಎಡವುವುದು ಮುಂದಿನ ಹಂತದಲ್ಲಿ. ಕೊಳೆತ ಬೇರು ನೀರು ಹೀರಲಾರದು. ಬುಡದ ತುಂಬ ನೀರಿದ್ದರೂ ಎಲೆಗೆ ತಲುಪುವುದಿಲ್ಲ. ಕೆಳಗಿನ ಎಲೆಗಳು ಹಳದಿಯಾಗುತ್ತವೆ, ಗಿಡ ಜೋತು ಬೀಳುತ್ತದೆ. ನೋಡಿದವರು "ಪಾಪ, ಬಾಯಾರಿದೆ" ಅಂತ ಇನ್ನೊಂದು ಚೊಂಬು ಸುರಿಯುತ್ತಾರೆ. ಅಲ್ಲಿಗೆ ಮುಗಿಯಿತು. ಅದಕ್ಕೇ ಬಾಡಿದ ಗಿಡ ಕಂಡರೆ ಚೊಂಬಿಗೆ ಕೈ ಹಾಕುವ ಮೊದಲು ಮಣ್ಣು ಮುಟ್ಟಿ ನೋಡಿ. ಮಣ್ಣು ಒಣಗಿದ್ದರೆ ನಿಜವಾಗಿಯೂ ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಬಾಡಿದ್ದರೆ ತೊಂದರೆ ಹೆಚ್ಚಾಗಿ ಬೇರಿನಲ್ಲಿರುತ್ತದೆ. ಕುಂಬಳದ ಬಳ್ಳಿಯಂಥ ದೊಡ್ಡ ಎಲೆಯವು ಮಾತ್ರ ಬೇರೆ. ಮಣ್ಣಿನಲ್ಲಿ ಪಸೆ ಇದ್ದರೂ ಸುಡುಬಿಸಿಲಿಗೆ ಎಲೆ ಇಳಿಬಿಡುತ್ತವೆ, ಸಂಜೆ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಕುಂಡದ ಸುತ್ತ ಗುಂಗುರಿನಂಥ ಸಣ್ಣ ಕಪ್ಪು ಹುಳಗಳು ಹಾರಾಡುತ್ತಿದ್ದರೆ ಅದೂ ಒಂದು ಸುಳಿವು. ಮೇಲ್ಮಣ್ಣು ಯಾವಾಗಲೂ ಒದ್ದೆ ಇರುವ ಕಡೆಯೇ ಅವುಗಳ ಮರಿ ಬೆಳೆಯುವುದು.

ದಿನಾ ಇಷ್ಟೇ ನೀರು ಅನ್ನುವ ಲೆಕ್ಕ ಯಾಕೆ ನಡೆಯುವುದಿಲ್ಲ ಅಂತ ಸುಮಾರು 300 ವರ್ಷದ ಹಿಂದೆಯೇ ಒಬ್ಬರು ತೂಕ ಹಾಕಿ ತೋರಿಸಿದ್ದಾರೆ. ಅವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುಂಡದಲ್ಲಿ ಬೆಳೆದ ಸೂರ್ಯಕಾಂತಿ ಗಿಡ ತೆಗೆದುಕೊಂಡು, ಮಣ್ಣಿನಿಂದ ನೀರು ಆವಿಯಾಗದ ಹಾಗೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿ, ಬೆಳಗ್ಗೆ ಸಂಜೆ ತೂಗಿದರು. 1727ರಲ್ಲಿ ಪ್ರಕಟಿಸಿದ ಅವರ ಲೆಕ್ಕದ ಪ್ರಕಾರ ಹಗಲಿಡೀ ಎಲೆಗಳಿಂದ ಹೋಗುತ್ತಿದ್ದ ನೀರು ಸರಾಸರಿ 1 ಪೌಂಡ್ 4 ಔನ್ಸ್, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ತುಂಬಾ ಬಿಸಿಯಾದ ಒಣ ಹಗಲಿನಲ್ಲಿ ಅದೇ 1 ಪೌಂಡ್ 14 ಔನ್ಸ್‌ಗೆ ಏರಿತು. ಇಬ್ಬನಿ ಬಿದ್ದ ರಾತ್ರಿ ಏನೂ ಹೋಗಲಿಲ್ಲ. ಗಿಡ ಅದೇ, ಕುಂಡವೂ ಅದೇ. ಬಿಸಿಲು, ಗಾಳಿ, ತೇವ ಬದಲಾದ ಹಾಗೆ ಅದರ ಖರ್ಚೂ ಬದಲಾಯಿತು. ಹೀಗಿರುವಾಗ ಮೋಡ ಕವಿದ ವಾರಕ್ಕೂ ಸೆಖೆಯ ವಾರಕ್ಕೂ ಒಂದೇ ಅಳತೆ ಹೇಗೆ ಸರಿಹೋಗುತ್ತದೆ?

ಹೇಲ್ಸ್ ಮಾಡಿದ್ದನ್ನು ನಾವೂ ಮಾಡಬಹುದು, ತಕ್ಕಡಿ ಬೇಡ. ನೀರು ಹಾಕಿ, ಪೂರ್ತಿ ಬಸಿದ ಮೇಲೆ ಕುಂಡವನ್ನು ಎರಡೂ ಕೈಯಲ್ಲಿ ಒಮ್ಮೆ ಎತ್ತಿ ನೋಡಿ. ಮತ್ತೆ ಮಾರನೇ ದಿನ, ಅದರ ಮಾರನೇ ದಿನ ಎತ್ತಿ. ಭಾರ ಇಳಿಯುವುದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಕುಂಡ ಹಗುರಾದಾಗ ನೀರು ಹಾಕಿ. ಎತ್ತಲಾಗದಷ್ಟು ದೊಡ್ಡ ಕುಂಡವಾದರೆ ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತಣ್ಣಗೆ ಇದ್ದು, ಮಣ್ಣು ಬೆರಳಿಗೆ ಅಂಟಿದರೆ ಇವತ್ತು ನೀರು ಬೇಡ. ಕಳ್ಳಿ, ಲೋಳೆಸರದಂಥವು ಎಲೆ, ಕಾಂಡದಲ್ಲೇ ನೀರು ಇಟ್ಟುಕೊಳ್ಳುತ್ತವೆ. ಅವಕ್ಕೆ ಮಣ್ಣು ಪೂರ್ತಿ ಒಣಗಲಿ. ಜರೀಗಿಡಕ್ಕೆ ಅಷ್ಟು ಒಣಗುವುದು ಆಗಿಬರುವುದಿಲ್ಲ, ಮೇಲ್ಮಣ್ಣು ಒಣಗುತ್ತಾ ಬಂದಾಗಲೇ ಹಾಕಬೇಕು.

ಹಾಕುವಾಗ ಮಾತ್ರ ಜಿಪುಣತನ ಬೇಡ. ದಿನಾ ಒಂದು ಗುಟುಕು ಚಿಮುಕಿಸಿದರೆ ಮೇಲಿನ ಮಣ್ಣು ಸದಾ ಒದ್ದೆ, ಆಳದ ಬೇರಿಗೆ ಏನೂ ಇಲ್ಲ. ನೀರು ಕೆಳಗಿನ ತೂತಿನಿಂದ ಹರಿದು ಬರುವವರೆಗೆ ನಿಧಾನವಾಗಿ ಹಾಕಿ. ಗೊಬ್ಬರದಿಂದ, ನೀರಿನಿಂದ ಸೇರಿದ ಉಪ್ಪೂ ಅದರ ಜೊತೆ ತೊಳೆದು ಹೋಗುತ್ತದೆ. ಕುಂಡದ ಅಂಚಿಗೆ ಬಿಳಿ ಬಿಳಿಯಾಗಿ ಕಟ್ಟಿಕೊಳ್ಳುವುದು ಹೆಚ್ಚಾಗಿ ಆ ಉಪ್ಪೇ. ಹರಿದು ಬಂದ ನೀರನ್ನು ತಟ್ಟೆಯಿಂದ ಚೆಲ್ಲಿಬಿಡಿ. ಮಣ್ಣು ತೀರಾ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಮೇಲೆ ಸುರಿದ ನೀರೆಲ್ಲ ಬದಿಯಿಂದ ಜಾರಿ ಹೋಗುತ್ತದೆ. ಆಗ ಕುಂಡವನ್ನು ಒಂದು ಟಬ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿದರೆ ಕೆಳಗಿನಿಂದ ಹೀರಿಕೊಳ್ಳುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ದಯವಿಟ್ಟು ಬಿಟ್ಟುಬಿಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಲಾಗಿ ಅಂಗೈಯಲ್ಲಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ನೋಡಿ, ಮತ್ತೆ ನೀರು ಇಳಿಯುತ್ತದೆ. ಆಮೇಲೂ ಕೆಳಗಿನ ತುದಿ ನೀರು ಹಿಡಿದುಕೊಂಡೇ ಇರುತ್ತದೆ. ಕುಂಡದ ಮಣ್ಣೂ ಹೀಗೆಯೇ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಹಿಡಿದಿಡುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತಳದಲ್ಲಿ ತೂತಿರಲಿ, ಮಣ್ಣು ಸಡಿಲವಾಗಿರಲಿ, ಸಾಕು. ಪುಟ್ಟ ಗಿಡಕ್ಕೆ "ಮುಂದೆ ಬೆಳೆಯುತ್ತಲ್ಲ" ಅಂತ ದೊಡ್ಡ ಕುಂಡ ಕೊಡುವುದೂ ಬೇಡ. ಬೇರು ಹೋಗದ ಅಷ್ಟೂ ಮಣ್ಣು ಒಣಗದೆ ಕೂತಿರುತ್ತದೆ. ಪ್ಲಾಸ್ಟಿಕ್‌ಗಿಂತ ಬಣ್ಣ ಬಳಿಯದ ಮಣ್ಣಿನ ಕುಂಡ ಬೇಗ ಒಣಗುತ್ತದೆ. ನೀರು ಹಾಕುವ ಆಸೆ ತಡೆಯಲಾಗದವರಿಗೆ ನಾನು ಅದನ್ನೇ ಹೇಳುವುದು.

ಬಿಸಿಲಲ್ಲಿ ನೀರು ಹಾಕಿದರೆ ಹನಿ ಭೂತಗನ್ನಡಿಯಾಗಿ ಎಲೆ ಸುಡುತ್ತದೆ ಅಂತಲೂ ಹೆದರಿಸುತ್ತಾರೆ. 2010ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ಪರೀಕ್ಷಿಸಿದಾಗ ನುಣುಪಾದ ಎಲೆಗಳು ಸುಡಲಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವ ರೋಮಗಳಿರುವ ಎಲೆಯಲ್ಲಿ ಮಾತ್ರ ಸುಟ್ಟ ಗುರುತು ಕಂಡಿತು. ಬೆಳಗ್ಗೆ ಹಾಕುವುದು ಒಳ್ಳೆಯದು ನಿಜ. ಆದರೆ ಮಧ್ಯಾಹ್ನ ನಿಜವಾಗಿಯೂ ಒಣಗಿ ಬಾಡಿದ ಗಿಡವನ್ನು ಸಂಜೆವರೆಗೆ ಕಾಯಿಸುವುದು ಬೇಡ.

ಈಗಾಗಲೇ ನೀರು ಜಾಸ್ತಿಯಾಗಿದ್ದರೆ ಗಿಡವನ್ನು ಮೆಲ್ಲಗೆ ಹೊರತೆಗೆಯಿರಿ. ಗಟ್ಟಿಯಾಗಿರುವ ಬೇರು ಜೀವಂತ. ಕಂದಾಗಿ, ಮೆತ್ತಗಾಗಿ, ಹಿಡಿದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದು, ವಾಸನೆ ಬರುತ್ತಿದ್ದರೆ ಅದು ಕೊಳೆತಿದೆ. ಕೊಳೆತದ್ದನ್ನು ಶುದ್ಧವಾದ ಕತ್ತರಿಯಿಂದ ಕತ್ತರಿಸಿ, ಹೊಸ ಮಣ್ಣಿನಲ್ಲಿ, ಉಳಿದ ಬೇರಿಗೆ ಸರಿಹೋಗುವಷ್ಟೇ ಕುಂಡದಲ್ಲಿ ನೆಡಿ. ಚಿಗುರುವವರೆಗೆ ಗೊಬ್ಬರ ಹಾಕಬೇಡಿ.

ಇನ್ನು ಪ್ರಯಾಣ ಹೊರಡುವವರ ವಿಷಯ. ಹೊರಡುವ ದಿನ ತಟ್ಟೆ ತುಂಬ ನೀರು ನಿಲ್ಲಿಸಿ ಹೋಗಬೇಡಿ. ಹಿಂದಿನ ದಿನ ಚೆನ್ನಾಗಿ ನೀರು ಹಾಕಿ, ಬಸಿದ ಮೇಲೆ ಕುಂಡಗಳನ್ನು ನೇರ ಬಿಸಿಲಿನಿಂದ ಸರಿಸಿ, ಬೆಳಕಿರುವ ತಂಪು ಜಾಗದಲ್ಲಿ ಒತ್ತೊತ್ತಾಗಿ ಇಡಿ. ಮೇಲ್ಮಣ್ಣಿಗೆ ಒಣ ಎಲೆ ಹೊದಿಸಿ. ಪಕ್ಕದ ಮನೆಯವರಿಗೆ ಕೀ ಕೊಡುವಾಗ "ದಿನಾ ನೀರು ಹಾಕಿ" ಅನ್ನಬೇಡಿ. ಪಾಪ, ಅವರು ಮಾತು ಉಳಿಸಿಕೊಳ್ಳಲು ದಿನಾ ಹಾಕಿಯೇ ಹಾಕುತ್ತಾರೆ. ಒಂದು ಕುಂಡ ಅವರ ಕೈಗೆ ಕೊಟ್ಟು, "ಇಷ್ಟು ಭಾರ ಇದ್ದರೆ ಬೇಡ, ಹಗುರ ಅನ್ನಿಸಿದ ದಿನ ಹಾಕಿ" ಅಂತ ತೋರಿಸಿ ಹೊರಡಿ.