26ನೇ ನಂಬರಿನ ಅಂಗಿ

ನಾನು ಇಂಜಿನಿಯರಿಂಗ್ ಸೇರುವ ಕಾಲಕ್ಕೆ ಡ್ರಾಫ್ಟ್ ಅಂದರೆ ಒಂದೇ ಅರ್ಥ. ಡಿ.ಡಿ. ಬ್ಯಾಂಕಿನಲ್ಲಿ ಸಾಲು ನಿಂತು, ಚಲನ್ ತುಂಬಿ, ಕಾಲೇಜಿನ ಹೆಸರಲ್ಲಿ ಒಂದಕ್ಷರ ತಪ್ಪಿ, ಮತ್ತೆ ಸಾಲಿನ ತುದಿಗೆ ಹೋಗಿ ನಿಲ್ಲುವುದು. ಹಾಗಾಗಿ 2018ರ ಏಪ್ರಿಲ್‌ನಲ್ಲಿ, ನಾವು ನ್ಯೂಜೆರ್ಸಿಯ ಈ ಮನೆಗೆ ಬಂದ ಹೊಸತರಲ್ಲಿ, ಪಕ್ಕದ ಮನೆ ಯಜಮಾನರು ಬೇಲಿಯ ಮೇಲೆ ಮೊಣಕೈ ಊರಿ "ನಾಳೆ ಡ್ರಾಫ್ಟ್ ಕಣಪ್ಪ, ಇವತ್ತು ನಿದ್ದೆ ಬರಲ್ಲ" ಎಂದಾಗ ಅಯ್ಯೋ ಪಾಪ ಅನ್ನಿಸಿತು. ರೈಲ್ವೆಯಲ್ಲಿ ದುಡಿದು ರಿಟೈರ್ ಆದ ಮನುಷ್ಯ. ಈ ವಯಸ್ಸಿನಲ್ಲಿ ಯಾರ ಫೀಸು ಕಟ್ಟಬೇಕೋ ಏನೋ.

ಅದು ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ ಅಂತ ಆಮೇಲೆ ತಿಳಿಯಿತು. ಅವರ ಮಗ ಬಂದು ವಿವರಿಸಿದ. ಅವನು ವಿಮಾ ಕಂಪನಿಯಲ್ಲಿ ಅಂಕಿ-ಸಂಖ್ಯೆ ನೋಡುವ ಕೆಲಸದಲ್ಲಿದ್ದಾನೆ. ವಿವರಿಸುವುದು ಅವನಿಗೆ ಚಟ. ಅವನು ಹೇಳಿದ್ದನ್ನು ನಾನು ನನ್ನ ಭಾಷೆಗೆ ಹೀಗೆ ತಿರುಗಿಸಿಕೊಂಡೆ: ಇದು ನಮ್ಮ ಸಿಇಟಿ ಕೌನ್ಸೆಲಿಂಗನ್ನು ತಲೆಕೆಳಗೆ ಮಾಡಿದ ಹಾಗೆ. ನಮ್ಮಲ್ಲಿ ಮೊದಲ ರ‍್ಯಾಂಕಿನ ಹುಡುಗ ತನಗೆ ಬೇಕಾದ ಕಾಲೇಜು ಆರಿಸುತ್ತಾನೆ. ಇಲ್ಲಿ ಕಾಲೇಜುಗಳೇ, ಅಂದರೆ ತಂಡಗಳೇ, ಹುಡುಗರನ್ನು ಆರಿಸುತ್ತವೆ. ಅದರಲ್ಲೂ ಹೋದ ವರ್ಷ ಎಲ್ಲಕ್ಕಿಂತ ಕೆಟ್ಟ ರಿಸಲ್ಟ್ ಬಂದ ಕಾಲೇಜಿಗೆ ಮೊದಲ ಸರದಿ. ಒಟ್ಟು 32 ತಂಡ, ಏಳು ಸುತ್ತು. ಟಾಪರ್ ಆದವನು ಗೋಡೆ ಬಿದ್ದ ಕಾಲೇಜಿಗೇ ಹೋಗಬೇಕು. ಹೋಗಿ ಅದನ್ನು ಉದ್ಧಾರ ಮಾಡಬೇಕು.

ಇವರ ತಂಡ ನ್ಯೂಯಾರ್ಕ್ ಜೈಂಟ್ಸ್. ಹೆಸರು ನ್ಯೂಯಾರ್ಕಿನದು, ಆಟದ ಮೈದಾನ ನ್ಯೂಜೆರ್ಸಿಯ ಈಸ್ಟ್ ರದರ್ಫರ್ಡ್‌ನಲ್ಲಿ. ಹಿಂದಿನ ಸೀಸನ್ನಿನ ಹದಿನಾರು ಪಂದ್ಯದಲ್ಲಿ ಮೂರು ಗೆದ್ದಿದ್ದರು. ಆ ಸಾಧನೆಗೆ ಎರಡನೇ ಸರದಿ. ಮೊದಲನೆಯದು ಹದಿನಾರಕ್ಕೆ ಹದಿನಾರೂ ಸೋತ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ. ಸೋಲಲ್ಲೂ ಫಸ್ಟ್ ಬರಲಿಲ್ಲವಲ್ಲ ಎಂಬ ಕೊರಗು ಯಜಮಾನರಿಗೆ ಇದ್ದ ಹಾಗಿತ್ತು.

ಜಗಳ ಏನಪ್ಪಾ ಅಂದರೆ, ಆ ಎರಡನೇ ಸರದಿಯಲ್ಲಿ ಒಬ್ಬ ರನ್ನಿಂಗ್ ಬ್ಯಾಕನ್ನು, ಅಂದರೆ ಚೆಂಡು ಹಿಡಿದು ಓಡುವವನನ್ನು, ತಗೋಬೇಕೋ ಬೇಡವೋ. ಅಪ್ಪ ಬೇಕು ಅಂತಾರೆ, ಮಗ ಬೇಡ ಅಂತಾನೆ. ಜನವರಿಯಿಂದ ಇದೇ ನಡೆದಿದೆಯಂತೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಅದಕ್ಕೆ ನಾಲ್ಕು ಅವಕಾಶ. ಕ್ವಾರ್ಟರ್‌ಬ್ಯಾಕ್ ಅನ್ನುವವನು ಚೆಂಡನ್ನು ದೂರಕ್ಕೆ ಎಸೆಯಬಹುದು, ಇಲ್ಲವಾದರೆ ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ತುರುಕಬಹುದು. ತುರುಕಿಸಿಕೊಂಡವನು ಎದುರಿನ ಹನ್ನೊಂದು ಜನರ ಮಧ್ಯೆ ನುಗ್ಗಬೇಕು. ಕಬಡ್ಡಿಯಲ್ಲಿ ನಾಲ್ಕು ಜನ ಕಾಲು ಹಿಡಿದು ನೇತಾಡುತ್ತಿದ್ದರೂ ಗೆರೆ ಮುಟ್ಟಲು ಕೈ ಚಾಚುವ ರೈಡರ್ ಇರ್ತಾನಲ್ಲ, ಅವನ ತಮ್ಮ ಇವನು. ಇಲ್ಲಿ ನೇತಾಡುವವರಲ್ಲಿ ಕೆಲವರು 140 ಕೆಜಿ ಇರುತ್ತಾರೆ, ಅಷ್ಟೇ. ಪಂದ್ಯಕ್ಕೆ ಇಪ್ಪತ್ತು ಸಲ ಹೀಗೆ ಬೀಳಬೇಕು, ಏಳಬೇಕು.

ಮಗನ ವಾದ ಅಲ್ಲಿಂದಲೇ ಶುರು. ಇಷ್ಟು ಬಿದ್ದ ಮೈ ಎಷ್ಟು ವರ್ಷ ಬಾಳುತ್ತದೆ? ಇಪ್ಪತ್ತೇಳು, ಇಪ್ಪತ್ತೆಂಟು ದಾಟಿದ ಮೇಲೆ ಹೆಚ್ಚಿನವರ ಓಟ ಇಳಿಮುಖ. ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದರೆ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಎರಡು ಹಲ್ಲಿನದಕ್ಕೆ ಒಂದು ಬೆಲೆ, ನಾಲ್ಕು ಹಲ್ಲಿನದಕ್ಕೆ ಒಂದು ಬೆಲೆ. ಹಲ್ಲೆಲ್ಲ ಬಂದು ಬಾಯಿಗೂಡಿದ, ಅಂದರೆ ವಯಸ್ಸು ಮಾಗಿದ ಎತ್ತು ಅಂದರೆ ಗುಟ್ಟಾಗಿ ಬೆಲೆ ಹೇಳಲು ಟವಲಿನ ಕೆಳಗೆ ಹಿಡಿದ ಬೆರಳು ತಾನಾಗಿ ಸಡಿಲವಾಗುತ್ತಿತ್ತು. ಇಲ್ಲೂ ಡ್ರಾಫ್ಟಿಗೆ ಮುಂಚೆ ಹುಡುಗರನ್ನೆಲ್ಲ ಇಂಡಿಯಾನಾಪೊಲಿಸ್‌ಗೆ ಕರೆಸಿ ತೂಕ ನೋಡುತ್ತಾರೆ, ಅಂಗೈ ಅಳೆಯುತ್ತಾರೆ, ನಲವತ್ತು ಗಜ ಓಡಿಸಿ ಗಡಿಯಾರ ಹಿಡಿಯುತ್ತಾರೆ. ಟವಲ್ ಮುಚ್ಚುವ ಮರ್ಯಾದೆ ಇಲ್ಲ, ಎಲ್ಲ ಟೀವಿಯಲ್ಲೇ. ಮನುಷ್ಯರನ್ನು ಹೀಗೆ ಅಳೆಯುವುದು ನೋಡಿದರೆ ನನಗೆ ಒಂಥರಾ ಮುಜುಗರ. ಆದರೂ ನೋಡುತ್ತೇನೆ, ಸುಳ್ಳೇಕೆ.

ಎರಡನೆಯ ವಾದ ದುಡ್ಡಿನದು. ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ. ಡ್ರಾಫ್ಟಿನಲ್ಲಿ ಬಂದ ಹುಡುಗನಿಗೆ ಮೊದಲ ನಾಲ್ಕು ವರ್ಷ ಸರದಿ ನೋಡಿ ಸಂಬಳ. ಯಾವ ಜಾಗದಲ್ಲಿ ಆಡಿದರೂ ಆ ಸರದಿಗೆ ಅಷ್ಟೇ. ಹೊರಗೆ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಕೊಳ್ಳಲು ಹೋದರೆ ಮನೆ ಮಾರಬೇಕು, ರನ್ನಿಂಗ್ ಬ್ಯಾಕ್ ಚೌಕಾಸಿಗೂ ಸಿಗುತ್ತಾನೆ. ಹಾಗಿರುವಾಗ ರೇಷನ್ ಅಂಗಡಿಯಲ್ಲಿ ಒಂದೇ ಒಂದು ಸಾಮಾನು ಕಡಿಮೆ ಬೆಲೆಗೆ ಕೊಡುತ್ತೇವೆ ಅಂದಾಗ ಯಾರಾದರೂ ಉಪ್ಪು ತಗೋತಾರಾ? ಈ ಉಪ್ಪಿನ ಮಾತು ನಾನು ಸೇರಿಸಿದ್ದು. ಮಗನಿಗೆ ಬಹಳ ಹಿಡಿಸಿತು. ಆಮೇಲೆ ತನ್ನದೇ ಅನ್ನುವ ಹಾಗೆ ಬಳಸತೊಡಗಿದ.

ಮೂರನೆಯದು, ಒಳ್ಳೆಯ ಓಟಗಾರರು ಕೊನೆಯ ಸುತ್ತಲ್ಲೂ ಸಿಗುತ್ತಾರೆ. ಡೆನ್ವರ್‌ನ ಟೆರೆಲ್ ಡೇವಿಸ್ 1995ರಲ್ಲಿ ಆರನೇ ಸುತ್ತು, 196ನೆಯವನು. ಮೂರು ವರ್ಷದ ಮೇಲೆ ಒಂದೇ ಸೀಸನ್ನಿನಲ್ಲಿ 2008 ಗಜ ಓಡಿದ. ಇನ್ನೊಂದು ಕಡೆ 1999ರಲ್ಲಿ ನ್ಯೂ ಆರ್ಲಿಯನ್ಸ್‌ನ ಕೋಚ್ ಮೈಕ್ ಡಿಟ್ಕಾ ಆ ವರ್ಷದ ತನ್ನ ಸರದಿಗಳನ್ನೆಲ್ಲ ಕೊಟ್ಟು, ಮುಂದಿನ ವರ್ಷದ ಎರಡು ಸರದಿಗಳನ್ನೂ ಸೇರಿಸಿ, ರಿಕಿ ವಿಲಿಯಮ್ಸ್ ಎಂಬ ಒಬ್ಬನೇ ಓಟಗಾರನನ್ನು ತಂದ. ಆನೆ ತಂದವನಿಗೆ ಅಂಕುಶಕ್ಕೆ ದುಡ್ಡಿಲ್ಲ. ಇಬ್ಬರೂ ಮದುವೆ ಉಡುಪಿನಲ್ಲಿ ಒಂದು ಪತ್ರಿಕೆಯ ಮುಖಪುಟಕ್ಕೆ ಫೋಟೊ ಬೇರೆ ಕೊಟ್ಟರು. ರಿಕಿ ಮದುಮಗಳು, ಬಿಳಿ ಗೌನು! ತಂಡ ಮೂರೇ ಪಂದ್ಯ ಗೆದ್ದಿತು, ಡಿಟ್ಕಾ ಕೆಲಸ ಕಳೆದುಕೊಂಡ. ಅಷ್ಟೇಕೆ, 1936ರಲ್ಲಿ ನಡೆದ ಮೊಟ್ಟಮೊದಲ ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆ ಜೇ ಬರ್ವ್ಯಾಂಗರ್ ಕೂಡ ಚೆಂಡು ಹಿಡಿದು ಓಡುವವನೇ. ಸಂಬಳ ಸರಿಬರಲಿಲ್ಲ ಅಂತ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಬೋಣಿಯೇ ಹೀಗೆ.

ಇಷ್ಟಕ್ಕೂ ಯಜಮಾನರದು ಒಂದೇ ಉತ್ತರ. "ಅವನು ಓಡೋದು ನೋಡಿದ್ದೀಯಾ?"

ಅವನು ಅಂದರೆ ಸೇಕ್ವಾನ್ ಬಾರ್ಕ್ಲಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗ. ನೂರಕ್ಕೂ ಹೆಚ್ಚು ಕೆಜಿ ತೂಕ ಇಟ್ಟುಕೊಂಡು ಇಂಡಿಯಾನಾಪೊಲಿಸ್‌ನಲ್ಲಿ ನಲವತ್ತು ಗಜವನ್ನು 4.40 ಸೆಕೆಂಡಿನಲ್ಲಿ ಓಡಿದ್ದ. ತೊಡೆ ನೋಡಿದರೆ ರಥ ಕಟ್ಟಲು ತಂದ ಮರದ ದಿಮ್ಮಿ. ನಾನೂ ಯಜಮಾನರ ಫೋನಿನಲ್ಲಿ ನೋಡಿದೆ. ನಾಲ್ಕು ಜನ ಸುತ್ತುಗಟ್ಟಿದ್ದಾರೆ, ಇನ್ನೇನು ಮುಗಿಯಿತು ಅನ್ನುವಾಗ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತಾನೆ. ನಾಲ್ವರೂ ಖಾಲಿ ಗಾಳಿಯನ್ನು ತಬ್ಬಿಕೊಳ್ಳುತ್ತಾರೆ. ನಾನು ಬೇಲಿಯ ಈ ಕಡೆ "ಅಬ್ಬಾ" ಅಂದುಬಿಟ್ಟೆ. ಯಜಮಾನರು ಮಗನ ಕಡೆ ತಿರುಗಿ, "ನೋಡಿದೆಯಾ, ಇವತ್ತು ಬೆಳಿಗ್ಗೆ ತನಕ ಡ್ರಾಫ್ಟ್ ಅಂದ್ರೆ ಬ್ಯಾಂಕ್ ಅಂದ್ಕೊಂಡಿದ್ದ ಮನುಷ್ಯನಿಗೂ ಅರ್ಥ ಆಯ್ತು" ಅಂದರು.

ಜೈಂಟ್ಸ್ ಅವನನ್ನೇ ತೆಗೆದುಕೊಂಡರು. ಯಜಮಾನರು ವಾರದೊಳಗೆ 26ನೇ ನಂಬರಿನ ನೀಲಿ ಅಂಗಿ ತಂದರು. ಮೊದಲ ವರ್ಷ ಹುಡುಗ ಓಡಿ, ಹಿಡಿದು, ಒಟ್ಟು 2028 ಗಜ ಗಳಿಸಿದ. ಹೊಸಬರಲ್ಲಿ ಶ್ರೇಷ್ಠ ಅಂತ ಪ್ರಶಸ್ತಿ ಬಂತು. ತಂಡ ಗೆದ್ದದ್ದು ಐದು ಪಂದ್ಯ. ಟಾಪರ್ ಟಾಪರ್ ಆಗಿಯೇ ಉಳಿದ, ಕಾಲೇಜು ಫೇಲಾಯಿತು. ಅದೇ ಡ್ರಾಫ್ಟಿನಲ್ಲಿ ಏಳನೆಯವನಾಗಿ ಬಫಲೋಗೆ ಹೋದ ಜಾಶ್ ಆಲನ್, ಮೂವತ್ತೆರಡನೆಯವನಾಗಿ ಬಾಲ್ಟಿಮೋರ್‌ಗೆ ಹೋದ ಲಮಾರ್ ಜ್ಯಾಕ್ಸನ್, ಇಬ್ಬರೂ ಕ್ವಾರ್ಟರ್‌ಬ್ಯಾಕ್‌ಗಳು, ಮುಂದೆ ಇಡೀ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು. ಅವರಲ್ಲಿ ಒಬ್ಬರು ಟೀವಿಯಲ್ಲಿ ಕಾಣಿಸಿದಾಗಲೆಲ್ಲ ಮಗ ಏನೂ ಹೇಳದೆ ಅಪ್ಪನ ಮುಖ ನೋಡುತ್ತಿದ್ದ. ಹೇಳಿದ್ದರೇ ವಾಸಿಯಿತ್ತು.

2020ರಲ್ಲಿ, ಸೀಸನ್ನಿನ ಎರಡನೇ ಪಂದ್ಯದಲ್ಲೇ, ಶಿಕಾಗೋದಲ್ಲಿ ಸೇಕ್ವಾನ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಯಜಮಾನರು ಎರಡು ವಾರ ಬೇಲಿ ಹತ್ತಿರ ಬರಲಿಲ್ಲ. 2022ರಲ್ಲಿ ಮತ್ತೆ ಚೆನ್ನಾಗಿ ಓಡಿದ. ಆಮೇಲೆ ಸಂಬಳದ ಹಗ್ಗಜಗ್ಗಾಟ. ಕೊನೆಗೆ 2024ರ ಮಾರ್ಚ್‌ನಲ್ಲಿ ಅವನು ಹೋದ. ಎಲ್ಲಿಗೆ? ಫಿಲಡೆಲ್ಫಿಯಾ ಈಗಲ್ಸ್‌ಗೆ.

ಇದರ ಉರಿ ತಿಳಿಯಬೇಕಾದರೆ ನಮ್ಮ ಬೀದಿ ಎಲ್ಲಿದೆ ಅಂತ ಹೇಳಬೇಕು. ನ್ಯೂಜೆರ್ಸಿಯ ಉತ್ತರದವರು ಜೈಂಟ್ಸ್ ಕಡೆ, ದಕ್ಷಿಣದವರು ಈಗಲ್ಸ್ ಕಡೆ. ನಾವಿರುವುದು ಸರಿಯಾಗಿ ನಡುಮಧ್ಯೆ. ಯಜಮಾನರ ಅಳಿಯ ದಕ್ಷಿಣದವನು. ಮಗಳ ಮದುವೆಯಲ್ಲಿ ಅವನ ಜಾತಿ, ಧರ್ಮ ಯಾವುದನ್ನೂ ಕೇಳಲಿಲ್ಲವಂತೆ, ತಂಡ ಕೇಳಿ ಮಾತ್ರ ಮುಖ ಗಂಟು ಹಾಕಿದರಂತೆ. ಆ ಅಳಿಯ ಈಗ ಹಸಿರು ಅಂಗಿ ಹಾಕಿಕೊಂಡು ಭಾನುವಾರ ಊಟಕ್ಕೆ ಬರತೊಡಗಿದ. ಬೆನ್ನ ಮೇಲೆ ಅದೇ ಹೆಸರು, ಅದೇ 26. ಸೇಕ್ವಾನ್ ನಂಬರ್ ಬದಲಿಸಿರಲಿಲ್ಲ.

ಆ ಬೇಸಿಗೆ ಒಂದು ಟೀವಿ ಸರಣಿಯಲ್ಲಿ ಜೈಂಟ್ಸ್ ಕಚೇರಿಯ ಒಳಗಿನ ಮಾತುಕತೆ ತೋರಿಸಿದರು. ಸೇಕ್ವಾನ್ ಫಿಲಡೆಲ್ಫಿಯಾಗೆ ಹೋದರೆ ತನಗೆ ನಿದ್ದೆ ಬರುವುದು ಕಷ್ಟ ಅಂತ ಮಾಲೀಕ ಜಾನ್ ಮಾರಾ ಅದರಲ್ಲಿ ಹೇಳುತ್ತಾರೆ. ಯಜಮಾನರು ಅಷ್ಟನ್ನೇ ನಾಲ್ಕು ಸಲ ಹಾಕಿ ನೋಡಿದರು. ಇಡೀ ತಂಡದ ಒಡೆಯನಿಗೂ ತನ್ನದೇ ಕಾಯಿಲೆ ಇದೆಯಲ್ಲ ಅನ್ನುವ ಸಮಾಧಾನ ಇರಬೇಕು.

ಮುಂದಿನದು ಗಾಯಕ್ಕೆ ಉಪ್ಪು. ಅಕ್ಟೋಬರಿನಲ್ಲಿ ಸೇಕ್ವಾನ್ ಈಸ್ಟ್ ರದರ್ಫರ್ಡ್‌ಗೇ ಬಂದು ಹಳೆಯ ತಂಡದ ಮೇಲೆ 176 ಗಜ ಓಡಿದ. ಕೊನೆಯ ಪಂದ್ಯದ ಹೊತ್ತಿಗೆ ಅವನ ಲೆಕ್ಕ 2005 ಗಜ. ಎರಿಕ್ ಡಿಕರ್ಸನ್ 1984ರಲ್ಲಿ ಮಾಡಿದ ದಾಖಲೆ 2105. ಇನ್ನು 101 ಗಜ ಓಡಿದರೆ ನಲವತ್ತು ವರ್ಷದ ದಾಖಲೆ ಪುಡಿ. ಎದುರಾಳಿ ಯಾರು? ಜೈಂಟ್ಸ್. ಆದರೆ ಪ್ಲೇಆಫ್ ಅನ್ನುವ ನಾಕೌಟ್ ಪಂದ್ಯಗಳು ಮುಂದಿವೆ ಅಂತ ಕೋಚ್ ಅವನಿಗೆ ವಿಶ್ರಾಂತಿ ಕೊಟ್ಟರು. ಯಜಮಾನರಿಗೆ ಸಂತೋಷ ಆಗಬೇಕಿತ್ತು ಅಲ್ವಾ? "ನಮ್ಮ ಮೇಲೆ ದಾಖಲೆ ಮಾಡೋಕ್ಕೂ ನಾವು ಲಾಯಕ್ಕಿಲ್ಲ ಅಂತಾಯ್ತು" ಅಂದರು. ಫೆಬ್ರವರಿಯಲ್ಲಿ, ತನ್ನ ಇಪ್ಪತ್ತೆಂಟನೇ ಹುಟ್ಟುಹಬ್ಬದ ದಿನವೇ, ಸೇಕ್ವಾನ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಬಾಯಿಗೂಡುವ ವಯಸ್ಸು ಅಂತ ಮಗ ಲೆಕ್ಕ ಹಾಕಿದ್ದನಲ್ಲ, ಅದೇ ವಯಸ್ಸು.

ಈಗ ಹೇಳಿ, ಯಾರ ವಾದ ಗೆದ್ದಿತು? ಮಗ ಹೇಳುತ್ತಾನೆ: ನಾನು ಅಂದದ್ದೇ ಸರಿ, ಈಗಲ್ಸ್ ಡ್ರಾಫ್ಟಿನ ಸರದಿ ಖರ್ಚು ಮಾಡದೆ, ಓಟಗಾರನಿಗೆ ದಾರಿ ಬಿಡಿಸುವ ಮುಂದಿನ ಸಾಲಿನಲ್ಲಿ ಭಾರಿ ಆಳುಗಳನ್ನು ನಿಲ್ಲಿಸಿ ಆಮೇಲೆ ಅವನನ್ನು ಕೊಂಡರು. ಅಪ್ಪ ಹೇಳುತ್ತಾರೆ: ನಾನು ಅಂದದ್ದೇ ಸರಿ, ಅವನ ಓಟ ನೋಡಿದೆಯಾ? ನನಗೆ ಎರಡೂ ಸರಿ ಅನ್ನಿಸುತ್ತದೆ. ಲೆಕ್ಕ ಗೊತ್ತಿದ್ದವನು ರನ್ನಿಂಗ್ ಬ್ಯಾಕನ್ನು ಮೊದಲ ಸುತ್ತಲ್ಲಿ ತಗೊಳ್ಳುವುದಿಲ್ಲ. 2013, 2014 ಮತ್ತು 2024ರಲ್ಲಿ ಒಂದು ತಂಡವೂ ತಗೊಳ್ಳಲಿಲ್ಲ. ಆದರೆ ಲೆಕ್ಕ ನೋಡಲು ಯಾರೂ ಟಿಕೆಟ್ ಕೊಂಡು ಚಳಿಯಲ್ಲಿ ಕೂರುವುದಿಲ್ಲ. ಡೆಟ್ರಾಯ್ಟ್ 2023ರಲ್ಲಿ ಜಮೀರ್ ಗಿಬ್ಸ್‌ನನ್ನು ಹನ್ನೆರಡನೆಯವನಾಗಿ ತಗೊಂಡಾಗ ಜಾಣರು ನಕ್ಕರು. ಮರುವರ್ಷ ಆ ತಂಡ ಹದಿನೇಳರಲ್ಲಿ ಹದಿನೈದು ಗೆದ್ದಿತು. ಹೌದು, ಅದು ಅವನೊಬ್ಬನಿಂದ ಆಗಿದ್ದಲ್ಲ. ಮಗ ಇದನ್ನು ಓದಿದರೆ ಮೊದಲು ಅದನ್ನೇ ಹೇಳುತ್ತಾನೆ.

ಅಷ್ಟಾದ ಮೇಲೆ ಯಜಮಾನರು ಶಪಥ ಮಾಡಿದರು. ಇನ್ನು ಮೊದಲ ಸುತ್ತಲ್ಲಿ ರನ್ನಿಂಗ್ ಬ್ಯಾಕ್ ಅಂತ ನನ್ನ ಬಾಯಲ್ಲಿ ಬರಲ್ಲ. ನೀಲಿ ಅಂಗಿ ಗ್ಯಾರೇಜಿನ ಮೊಳೆಗೆ ಹೋಯಿತು. ಹಿಮ ತೆಗೆಯುವ ದಿನ ಮಾತ್ರ ಕೋಟಿನ ಮೇಲೆ ಅದನ್ನು ಏರಿಸುತ್ತಾರೆ, ಕೊಳೆಯಾದರೂ ಚಿಂತೆಯಿಲ್ಲ ಅಂತ. ಒಗೆದು ಮಡಿಸಿಡುವುದನ್ನು ನಾನು ನೋಡಿದ್ದೇನೆ, ಹೇಳಿಲ್ಲ.

2025ರಲ್ಲಿ ಜೈಂಟ್ಸ್ ನಾಲ್ಕನೇ ಸುತ್ತಲ್ಲಿ ಕ್ಯಾಮ್ ಸ್ಕ್ಯಾಟೆಬೊ ಎಂಬ ಹುಡುಗನನ್ನು ತಂದರು. ಓಟಗಾರನೇ. ನಾಲ್ಕನೇ ಸುತ್ತು ಅಂದರೆ ಮಗನಿಗೂ ಒಪ್ಪಿಗೆ. ಗೂಳಿ ಗದ್ದೆಗೆ ನುಗ್ಗಿದ ಹಾಗೆ ನುಗ್ಗುತ್ತಾನೆ, ನಂಬರ್ 44. ಅಕ್ಟೋಬರಿನಲ್ಲಿ ಈಗಲ್ಸ್ ಮೇಲೆ ಮೂರು ಟಚ್‌ಡೌನ್ ಹೊಡೆದ, ಅಂದರೆ ಮೂರು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿದ ರಾತ್ರಿ ಪಕ್ಕದ ಮನೆಯಿಂದ ಕೇಳಿಸಿದ ಕೂಗಿಗೆ ನನ್ನ ಹೆಂಡತಿ ಗಾಬರಿಯಾಗಿ ಕಿಟಕಿ ತೆಗೆದಳು. ಅಪ್ಪ-ಮಗ ತಬ್ಬಿಕೊಂಡು ಕುಣಿಯುತ್ತಿದ್ದರು. ಏಳೂವರೆ ವರ್ಷದಲ್ಲಿ ಅವರಿಬ್ಬರೂ ಒಂದೇ ಓಟಗಾರನಿಗೆ ಕುಣಿದದ್ದು ನಾನು ನೋಡಿದ್ದು ಅದೊಂದೇ ಸಲ. ಎರಡೂವರೆ ವಾರದ ನಂತರ, ಫಿಲಡೆಲ್ಫಿಯಾದಲ್ಲಿ, ಅವನ ಪಾದದ ಕೀಲು ತಪ್ಪಿತು. ಆ ವರ್ಷದ ಆಟ ಮುಗಿಯಿತು.

ಮರುದಿನ ಯಜಮಾನರು ಎಲೆ ಗುಡಿಸುವ ನೆಪದಲ್ಲಿ ಬೇಲಿಯ ಹತ್ತಿರ ಬಂದರು. ಸ್ವಲ್ಪ ಹೊತ್ತು ಸುಮ್ನೆ ಗುಡಿಸಿದರು. ಆಮೇಲೆ ಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಮುಂದಿನ ಡ್ರಾಫ್ಟಿಗೆ ಒಬ್ಬ ಹುಡುಗ ಇದ್ದಾನೆ. ಮೊದಲ ಸುತ್ತಿನವನು. ಓಡೋದು ನೋಡಿದ್ದೀಯಾ?" ಅಂತ ಜೇಬಿನಿಂದ ಫೋನ್ ತೆಗೆದರು.

ನಾನು ಉತ್ತರ ಕೊಡುವ ಮೊದಲೇ ಮಹಡಿ ಕಿಟಕಿಯಿಂದ ಮಗನ ದನಿ ಬಂತು. "ಅಪ್ಪಾ! ಉಪ್ಪು!"